ಗ್ಯಾಲರಿಯ ಒಂದೆಲಗ ಸೊರಗಿದರೆ ಮೊದಲು ಎಲ್ಲಿ ನೋಡಬೇಕು

ಊರಿಂದ ಮುಂಬೈಗೆ ಹೊರಡುವಾಗ ಅಮ್ಮ ಹಿತ್ತಲಿನಿಂದ ಒಂದು ಹಿಡಿ ಒಂದೆಲಗದ ಬಳ್ಳಿ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದರು. ಮತ್ಸ್ಯಗಂಧ ರೈಲಿನಲ್ಲಿ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದರೂ ಅದು ಬಾಡಿರಲಿಲ್ಲ. ಕಾಂದಿವಲಿಯ ನಮ್ಮ ಮನೆಯ ಗ್ಯಾಲರಿಯಲ್ಲಿ, ಅಂದರೆ ಬಾಲ್ಕನಿಯಲ್ಲಿ, ಒಂದು ಚೆಂದದ ಕುಂಡ ತಂದು ನೆಟ್ಟೆ. ಎರಡು ತಿಂಗಳು ತುಂಬಾ ಚೆನ್ನಾಗಿ ಬಂತು. ಮೂರನೇ ತಿಂಗಳು ಎಲೆ ಹಳದಿಯಾಯಿತು. ಗೊಬ್ಬರ ಸಾಲುತ್ತಿಲ್ಲ ಅಂತ ಗೊಬ್ಬರ ಹಾಕಿದೆ, ಇನ್ನಷ್ಟು ಹಳದಿಯಾಯಿತು, ನೀರು ಕಮ್ಮಿಯಾಗಿರಬೇಕು ಅಂತ ನೀರು ಜಾಸ್ತಿ ಹಾಕಿದೆ, ಒಂದು ವಾರದಲ್ಲಿ ಗಿಡವೇ ಹೋಯಿತು. ಆಮೇಲೆ ಕುಂಡ ಬೋರಲು ಹಾಕಿ ನೋಡಿದರೆ ಕೆಳಗಿನ ತೂತು ಮಣ್ಣಿನಿಂದ ಪೂರ್ತಿ ಮುಚ್ಚಿಹೋಗಿತ್ತು. ಗೊಬ್ಬರಕ್ಕೂ ಅದಕ್ಕೂ ಏನೂ ಸಂಬಂಧ ಇರಲಿಲ್ಲ.

ಅದಾದ ಮೇಲೆ ಎಂಟು ವರ್ಷದಲ್ಲಿ ನನ್ನ ಕುಂಡಗಳನ್ನೂ, ಇಲ್ಲಿನ ನಮ್ಮವರ ಮನೆಗಳ ಕುಂಡಗಳನ್ನೂ ನೋಡಿ ನೋಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದೆಲಗ ಹಾಳಾಗುವುದು ಕಮ್ಮಿ ಆರೈಕೆಯಿಂದ ಅಲ್ಲ, ತಪ್ಪು ಊಹೆಯಿಂದ. ಏನಾದರೂ ಹಾಕುವ ಮೊದಲು ನೋಡಬೇಕು.

ಮೊದಲು, ಇದು ಒಂದೆಲಗವೇನಾ?

ಊರಿಂದ ತಂದಿದ್ದರೆ ಈ ಪ್ರಶ್ನೆ ಬೇಡ. ನರ್ಸರಿಯಿಂದ ತಂದಿದ್ದರೆ ಕೇಳಲೇಬೇಕು. ತುಳುವಿನಲ್ಲಿ ತಿಮರೆ, ಕೊಂಕಣಿಯಲ್ಲಿ ಏಕ್‌ಪಾನಿ ಅಂದರೆ ಇಲ್ಲಿನ ನರ್ಸರಿಯವರಿಗೆ ಗೊತ್ತಾಗುವುದಿಲ್ಲ, ಬ್ರಾಹ್ಮಿ ಅನ್ನಬೇಕು. ಆದರೆ ಬ್ರಾಹ್ಮಿ ಅಂತ ಎರಡು ಬೇರೆ ಬೇರೆ ಗಿಡಗಳನ್ನು ಮಾರುತ್ತಾರೆ. ಒಂದು ನಮ್ಮ ಒಂದೆಲಗ, ಸೆಂಟೆಲ್ಲಾ ಏಷ್ಯಾಟಿಕಾ, ಕೊತ್ತಂಬರಿ ಮತ್ತು ಕ್ಯಾರೆಟ್ ಕುಟುಂಬದ್ದು. ಇನ್ನೊಂದು ನೀರುಬ್ರಾಹ್ಮಿ, ಬಕೋಪಾ. ಅದರ ಎಲೆ ಉಗುರಿನಷ್ಟು ಚಿಕ್ಕದು, ದಪ್ಪ, ದಂಟಿನ ಎರಡೂ ಕಡೆ ಜೋಡಿ ಜೋಡಿಯಾಗಿ ಇರುತ್ತದೆ. ಅದಕ್ಕೆ ಬಿಸಿಲೂ ಜಾಸ್ತಿ ಬೇಕು, ನೀರೂ ಜಾಸ್ತಿ ಬೇಕು. ಒಂದೆಲಗ ಅಂತ ತಿಳಿದು ಅದನ್ನು ನೆರಳಿನಲ್ಲಿಟ್ಟರೆ ಸೊರಗುವುದು ಸಹಜ.

ಮೂರನೆಯದು ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ದುಂಡೆಲೆಯ ಗಿಡ, ಹೈಡ್ರೋಕಾಟೈಲ್. ನೋಡಲು ಒಂದೆಲಗದ ಹಾಗೇ ಇದೆ. ತೊಟ್ಟು ಎಲ್ಲಿ ಸೇರುತ್ತದೆ ನೋಡಿ. ಎಲೆಯ ನಟ್ಟನಡುವೆ ಕೊಡೆಯ ಕಡ್ಡಿ ಹಾಗೆ ಸೇರಿದ್ದರೆ ಅದು ಒಂದೆಲಗ ಅಲ್ಲ. ಒಂದೆಲಗದ ಎಲೆಯಲ್ಲಿ ಒಂದು ಕಡೆ ಸೀಳು ಇರುತ್ತದೆ, ತೊಟ್ಟು ಆ ಸೀಳಿನ ಬುಡಕ್ಕೆ ಸೇರುತ್ತದೆ, ಅಂಚಿನಲ್ಲಿ ಚಿಕ್ಕ ಚಿಕ್ಕ ಹಲ್ಲುಗಳಿರುತ್ತವೆ. ತಂಬುಳಿಗೆ ಹಾಕುವ ಸೊಪ್ಪು, ಅನುಮಾನ ಇದ್ದರೆ ತಿನ್ನಬೇಡಿ.

ಔಷಧಿಗೆ ಕೈ ಹಾಕುವ ಮೊದಲು

ನಾಲ್ಕು ವಿಷಯ ನೋಡಿದರೆ ಸಾಕು, ಹತ್ತು ನಿಮಿಷವೂ ಬೇಡ. ಹಾಳಾದದ್ದು ಹಳೇ ಎಲೆಯೋ ಹೊಸ ಎಲೆಯೋ? ಇಡೀ ಕುಂಡ ಹಾಳಾಗಿದೆಯೋ, ಒಂದು ಪಕ್ಕ ಮಾತ್ರವೋ? ಬೆರಳನ್ನು ಎರಡು ಗಿಣ್ಣು ಆಳಕ್ಕೆ ಚುಚ್ಚಿದರೆ ಮಣ್ಣು ಒದ್ದೆಯೋ ಒಣವೋ? ಬುಡ ಗಟ್ಟಿಯಾಗಿದೆಯೋ, ಮೆತ್ತಗಾಗಿ ಹುಳಿ ವಾಸನೆ ಬರುತ್ತಿದೆಯೋ?

ಈ ಮೂರನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಮೇಲಿನ ಮಣ್ಣು ನೋಡಿ ನೀರು ಹಾಕುತ್ತಾರೆ. ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಇರುವ ಕುಂಡದಲ್ಲಿ ಮೇಲೆ ಒಣಗಿ ಬೆಳ್ಳಗೆ ಕಂಡರೂ ಕೆಳಗೆ ಹಿಂಡಿದರೆ ನೀರು ಬರುವಷ್ಟು ಒದ್ದೆ ಇರುತ್ತದೆ. ನರ್ಸರಿಯ ಕೆಂಪು ಮಣ್ಣಿನಲ್ಲಿ ಇದಕ್ಕೆ ಉಲ್ಟಾ, ಮೇಲೆ ಒದ್ದೆ, ಒಳಗೆ ಇಟ್ಟಿಗೆ. ಬೆರಳು ಹೋಗದಿದ್ದರೆ ಅಗರಬತ್ತಿ ಕಡ್ಡಿ ಚುಚ್ಚಿ ತೆಗೆಯಿರಿ. ಮಣ್ಣು ಅಂಟಿಕೊಂಡು ಬಂದರೆ ಒದ್ದೆ ಅಂತ.

ನಡು ಬೋಳಾಗಿದೆ, ಅಂಚಿನಲ್ಲಿ ಮಾತ್ರ ಎಲೆ

ನನಗೆ ಅತಿ ಹೆಚ್ಚು ಜನ ಹೇಳುವ ದೂರು ಇದು. ನೆಟ್ಟ ಜಾಗದಲ್ಲಿ ಗಿಡ ಸತ್ತಿದೆ, ಒಣಗಿದ ಕಂದು ತೊಟ್ಟುಗಳು ಬಿದ್ದಿವೆ, ಕುಂಡದ ಅಂಚಿನಿಂದ ನಾಲ್ಕು ಬಳ್ಳಿ ಹೊರಗೆ ಜೋತು ಬಿದ್ದು ತುದಿಯಲ್ಲಿ ಪುಟ್ಟ ಪುಟ್ಟ ಎಲೆ ಬಿಟ್ಟಿವೆ. ರೋಗ ಬಂದಿದೆ ಅಂತ ಗಾಬರಿ ಬೀಳುತ್ತಾರೆ. ನಾನೂ ಬಿದ್ದಿದ್ದೆ. ಫೋನ್ ಮಾಡಿ ಅಮ್ಮನಿಗೆ ಹೇಳಿದಾಗ ಅವರು ಒಂದೇ ಮಾತು ಹೇಳಿದರು: "ನಡು ಸತ್ತರೆ ಸಾಯಲಿ ಮಗಾ. ಅದರ ತುದಿ ಎಲ್ಲಿಗೆ ಹೋಗಿದೆ ನೋಡು."

ಈ ಗಿಡದ ಬಗ್ಗೆ ತಿಳಿಯಬೇಕಾದ ದೊಡ್ಡ ವಿಷಯ ಇದೇ. ಒಂದೆಲಗ ಬಹುವಾರ್ಷಿಕ ಗಿಡ ನಿಜ, ವರ್ಷಗಟ್ಟಲೆ ಬದುಕುತ್ತದೆ. ಆದರೆ ನಿಂತಲ್ಲೇ ಬದುಕುವುದಿಲ್ಲ. ಬಳ್ಳಿ ಮುಂದೆ ಹೋಗುತ್ತದೆ, ಗಿಣ್ಣು ನೆಲಕ್ಕೆ ತಾಗಿದಲ್ಲಿ ಬೇರು ಬಿಡುತ್ತದೆ, ಅಲ್ಲೊಂದು ಹೊಸ ಗಿಡವಾಗುತ್ತದೆ, ಅದರಿಂದ ಮತ್ತೆ ಬಳ್ಳಿ. ಹಿಂದಿನ ಬುಡ ವಯಸ್ಸಾಗಿ ಹೋಗುತ್ತದೆ. ಊರಲ್ಲಿ ಗದ್ದೆಯ ಹುಣಿಯಲ್ಲಿ, ಅಂದರೆ ಬದುವಿನಲ್ಲಿ, ಬಾವಿಕಟ್ಟೆಯ ಪಕ್ಕ, ತೋಟದ ತೋಡಿನ ಬದಿಯಲ್ಲಿ ಇದು ಹೀಗೇ ನಡೆದುಕೊಂಡು ಹೋಗುತ್ತಿರುತ್ತದೆ. ಹೋದ ವರ್ಷ ಇದ್ದ ಜಾಗದಲ್ಲಿ ಈ ವರ್ಷ ಇರುವುದಿಲ್ಲ, ಒಂದು ಮೊಳ ಆಚೆ ಇರುತ್ತದೆ. ನಾವು ಯಾರೂ ಅದನ್ನು ಗಮನಿಸುವುದಿಲ್ಲ, ಯಾಕೆಂದರೆ ಹುಣಿ ಪೂರ್ತಿ ಹಸಿರಾಗಿಯೇ ಇರುತ್ತದೆ ಅಲ್ವಾ.

ದುಂಡಗಿನ ಕುಂಡದಲ್ಲಿ ನಾಲ್ಕು ತಿಂಗಳಿಗೆ ಅದರ ದಾರಿ ಮುಗಿಯುತ್ತದೆ. ಆಮೇಲೆ ಬಳ್ಳಿ ಅಂಚು ದಾಟಿ ಗಾಳಿಯಲ್ಲಿ ನೇತಾಡುತ್ತದೆ. ಗಿಣ್ಣಿನಲ್ಲಿ ಬೇರಿನ ಬಿಳಿ ಮೊಳಕೆ ಬರುತ್ತದೆ, ಮಣ್ಣು ಸಿಗದೆ ಒಣಗುತ್ತದೆ. ಆ ಮರಿ ಗಿಡಗಳೆಲ್ಲ ಅಷ್ಟು ದೂರದ ಒಂದೇ ಹಳೇ ಬುಡದಿಂದ ನೀರು ಕುಡಿಯಬೇಕು. ಬುಡ ಸೋತರೆ ಎಲ್ಲವೂ ಸೋಲುತ್ತದೆ. ನೇತಾಡುವ ಬಳ್ಳಿ ನೋಡಲು ಚೆಂದ, ಆದರೆ ಗಿಡಕ್ಕೆ ಅದು ಕಷ್ಟ.

ಸರಿಪಡಿಸುವುದು ಸುಲಭ. ನೇತಾಡುವ ಬಳ್ಳಿಗಳನ್ನು ಎತ್ತಿ ಬೋಳಾದ ನಡುವಿಗೇ ತಿರುಗಿಸಿ. ಅಲ್ಲಿನ ಹಳೇ ಬುಡವನ್ನು ಕಿತ್ತು, ಒಂದು ಹಿಡಿ ಎರೆಗೊಬ್ಬರ ಬೆರೆಸಿದ ಹೊಸ ಮಣ್ಣು ತುಂಬಿ, ಪ್ರತಿ ಗಿಣ್ಣು ಮಣ್ಣಿಗೆ ತಾಗುವ ಹಾಗೆ ತೆಂಗಿನ ಗರಿಯ ಕಡ್ಡಿಯನ್ನು ಮಡಚಿ ಚುಚ್ಚಿ. ಹೇರ್‌ಪಿನ್ ಕೂಡ ನಡೆಯುತ್ತದೆ. ಗಿಣ್ಣನ್ನು ಹೂಳಬೇಡಿ, ತಾಗಿದ್ದರೆ ಸಾಕು. 10–15 ದಿನದಲ್ಲಿ ಮೆಲ್ಲಗೆ ಎಳೆದು ನೋಡಿದರೆ ಹಿಡಿದುಕೊಂಡಿರುವುದು ಗೊತ್ತಾಗುತ್ತದೆ.

ಆದರೆ ಇದು ತಾತ್ಕಾಲಿಕ. ಕುಂಡವನ್ನೇ ಬದಲಾಯಿಸಿದರೆ ಈ ದೂರು ಮತ್ತೆ ಬರುವುದಿಲ್ಲ. ಒಂದೆಲಗದ ಬೇರು ಹೆಚ್ಚು ಆಳಕ್ಕೆ ಹೋಗುವುದಿಲ್ಲ, 6 ಇಂಚು ಮಣ್ಣು ಧಾರಾಳ. ಅದಕ್ಕೆ ಬೇಕಿರುವುದು ಅಗಲ. ಗೌಂಡಿಗಳು ಸಿಮೆಂಟ್ ಹೊರುವ ಪ್ಲಾಸ್ಟಿಕ್ ಬಾಂಡ್ಲಿ, ಇಲ್ಲಿ ಘಮೇಲಾ ಅನ್ನುತ್ತಾರಲ್ಲ, ಅದು ಹೇಳಿ ಮಾಡಿಸಿದ ಹಾಗಿದೆ. ಹಾರ್ಡ್‌ವೇರ್ ಅಂಗಡಿಯಿಂದ ಹೊಸದು ತನ್ನಿ, ಸಿಮೆಂಟ್ ತಾಗಿದ ಹಳೆಯದು ಬೇಡ. ತಳದಲ್ಲಿ 8–10 ತೂತು ಮಾಡಿ. ಎರಡು ಪಾಲು ಮಣ್ಣು, ಒಂದು ಪಾಲು ಕೋಕೋಪೀಟ್, ಒಂದು ಪಾಲು ಹಳೇ ಸೆಗಣಿ ಗೊಬ್ಬರ ಅಥವಾ ಎರೆಗೊಬ್ಬರ. ಮಣ್ಣು ಅಂಟು ಜಾಸ್ತಿ ಇದ್ದರೆ ಎರಡು ಹಿಡಿ ಮರಳು. ಎರಡು ಘಮೇಲಾ ಪಕ್ಕಪಕ್ಕ ಇಟ್ಟರೆ ಇನ್ನೂ ಒಳ್ಳೆಯದು, ಒಂದರಿಂದ ಇನ್ನೊಂದಕ್ಕೆ ಅದೇ ನಡೆದುಕೊಂಡು ಹೋಗುತ್ತದೆ. ನೀವು ವರ್ಷಕ್ಕೊಮ್ಮೆ ಖಾಲಿಯಾದದ್ದರ ಮಣ್ಣು ಬದಲಿಸಿದರೆ ಆಯಿತು.

ಎಲೆ ಹಳದಿ

ಹಳದಿ ಅಂದರೆ ಗೊಬ್ಬರ ಅಂತ ತೀರ್ಮಾನಿಸಬೇಡಿ. ಎಲ್ಲಿ ಹಳದಿ ಅನ್ನುವುದರಲ್ಲೇ ಉತ್ತರ ಇದೆ.

ಕೆಳಗಿನ ಒಂದೆರಡು ಹಳೇ ಎಲೆ ಆಗಾಗ ಹಳದಿಯಾಗಿ ಉದುರಿದರೆ ಅದು ವಯಸ್ಸು, ಬಿಟ್ಟುಬಿಡಿ. ಹಳೇ ಎಲೆಗಳೆಲ್ಲ ಒಂದೇ ಸಮನೆ ಮಂಕು ಹಳದಿಯಾಗಿ, ಹೊಸ ಎಲೆಯೂ ಚಿಕ್ಕದಾಗಿ ಬರುತ್ತಿದ್ದು, ಮಣ್ಣು ಹದವಾಗಿಯೇ ಇದ್ದು, ಬುಡ ಗಟ್ಟಿ ಇದ್ದರೆ, ಆಗ ಮಾತ್ರ ಸಾರಜನಕ ಕಮ್ಮಿ ಅಂತ. ನಾವು ವಾರ ವಾರ ಸೊಪ್ಪು ಕೊಯ್ದು ತಿನ್ನುತ್ತೇವೆ, ಅದು ಮಣ್ಣಿನಿಂದ ಹೋದದ್ದೇ ಅಲ್ವಾ. ತಿಂಗಳಿಗೊಮ್ಮೆ ಅರ್ಧ ಇಂಚು ಎರೆಗೊಬ್ಬರ ಮೇಲೆ ಹರಡಿ, ಗಿಣ್ಣುಗಳ ನಡುವೆ ಬೀಳುವ ಹಾಗೆ. ಎರಡು ಮೂರು ವಾರದಲ್ಲಿ ಹೊಸ ಎಲೆಯ ಬಣ್ಣ ಬದಲಾಗುತ್ತದೆ. ಹಳದಿಯಾದ ಎಲೆ ಮತ್ತೆ ಹಸಿರಾಗಲಿ ಅಂತ ಕಾಯಬೇಡಿ.

ಹಳೇ ಎಲೆ ಹಳದಿ, ಮಣ್ಣು ಸದಾ ಒದ್ದೆ, ಬುಡ ಮೆತ್ತಗೆ. ಇದು ನನ್ನ ಮೊದಲ ಕುಂಡದ ಕಥೆ. ಬೇರು ಉಸಿರಾಡುತ್ತಿಲ್ಲ. ಕುಂಡ ಎತ್ತಿ ತೂತು ನೋಡಿ, ಕಡ್ಡಿ ಹಾಕಿ ಬಿಡಿಸಿ, ಅಡಿಯ ತಟ್ಟೆ ತೆಗೆಯಿರಿ. ಗೊಬ್ಬರ ಹಾಕಿದರೆ ಬೇರು ಇನ್ನಷ್ಟು ಕೊಳೆಯುತ್ತದೆ.

ಹೊಸ ಎಲೆ ಹಳದಿ, ಆದರೆ ನರಗಳು ಮಾತ್ರ ಹಸಿರು. ಇದು ಬೇರೆಯೇ. ಮಣ್ಣಿನಲ್ಲಿ ಸುಣ್ಣದ ಅಂಶ ಏರಿದಾಗ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ, ಆಗ ಹೀಗಾಗುತ್ತದೆ. ನಮ್ಮ ಮನೆಯಲ್ಲಿ ಇದು ಆದದ್ದು ಬಿಲ್ಡಿಂಗಿನ ಹೊರಗೋಡೆಗೆ ಪ್ಲಾಸ್ಟರ್ ಮಾಡಿಸಿದ ವರ್ಷ. ಮೂರು ತಿಂಗಳು ಸಾರುವೆ ಕಟ್ಟಿ ಹಳೇ ಗಾರೆ ಕೆತ್ತಿದರು, ಹೊಸದು ಬಳಿದರು. ದಿನಾ ಬೆಳಿಗ್ಗೆ ಎಲೆ ಮೇಲೆ ಬೂದು ಧೂಳು. ಎಲೆ ತೊಳೆಯುತ್ತಿದ್ದೆ, ತೊಳೆದ ನೀರು ಸಿಮೆಂಟಿನ ಜೊತೆ ಅದೇ ಮಣ್ಣಿಗೆ ಇಳಿಯುತ್ತಿತ್ತು. ಎರಡು ತಿಂಗಳಲ್ಲಿ ಚಿಗುರೆಲ್ಲ ನಿಂಬೆ ಬಣ್ಣ. ಮೇಲಿನ ಎರಡು ಇಂಚು ಮಣ್ಣು ಕೆರೆದು ತೆಗೆದು ಹೊಸದು ಹಾಕಿದ ಮೇಲೆ ಸರಿಹೋಯಿತು. ನಿಮ್ಮ ಬಿಲ್ಡಿಂಗಿನಲ್ಲಿ ರಿಪೇರಿ ಕೆಲಸ ಶುರುವಾಗುವ ನೋಟಿಸ್ ಬಂದರೆ ಕುಂಡವನ್ನು ಒಳಗೆ ಅಡುಗೆಮನೆಯ ಕಿಟಕಿಗೆ ತನ್ನಿ. ಆ ದಿನಗಳ ಸೊಪ್ಪು ತಿನ್ನಲೂ ಬೇಡ. ಹಾಗೆಯೇ ಒಲೆ ಬೂದಿ ಗಿಡಕ್ಕೆ ಒಳ್ಳೆಯದು ಅಂತ ಕೈತುಂಬ ಹಾಕುವವರಿದ್ದಾರೆ, ಚಿಕ್ಕ ಕುಂಡದಲ್ಲಿ ಅದೂ ಇದೇ ತೊಂದರೆ ಮಾಡುತ್ತದೆ.

ಎಲೆಯ ಅಂಚು ಸುಟ್ಟ ಹಾಗೆ

ಒಂದು ಪಕ್ಕ ಮಾತ್ರವೋ ಸುತ್ತಲೂವೋ ನೋಡಿ. ಒಂದೇ ಪಕ್ಕ ಆಗಿದ್ದರೆ ಆ ದಿಕ್ಕಿನಲ್ಲಿ ಏನೋ ಇದೆ. ಮುಂಬೈಯಲ್ಲಿ ಅರ್ಧದಷ್ಟು ಸಲ ನಾನು ಕಂಡದ್ದು ಎಸಿಯ ಹೊರಗಿನ ಫ್ಯಾನ್. ನಿಮ್ಮದೇ ಆಗಬೇಕಿಲ್ಲ, ಪಕ್ಕದ ಮನೆಯದ್ದೂ ಆಗಬಹುದು. ಮೇ ತಿಂಗಳ ರಾತ್ರಿ ಎಂಟು ತಾಸು ಬಿಸಿಗಾಳಿ ಬಡಿದರೆ ಯಾವ ಸೊಪ್ಪು ತಾಳುತ್ತದೆ? ಸಂಜೆ ಎಸಿ ಓಡುವಾಗ ಕುಂಡದ ಹತ್ತಿರ ಕೈ ಹಿಡಿದು ನೋಡಿ, ಗೊತ್ತಾಗುತ್ತದೆ. ಎರಡಡಿ ಸರಿಸಿದರೆ ಮುಗಿಯಿತು. ಎಸಿಯಿಂದ ತೊಟ್ಟಿಕ್ಕುವ ನೀರನ್ನು ಕುಂಡಕ್ಕೆ ಬಿಡುವವರಿಗೆ ಒಂದು ಮಾತು: ಹೂವಿನ ಗಿಡಕ್ಕೆ ಬಿಡಿ, ಹಸಿಯಾಗಿ ತಿನ್ನುವ ಸೊಪ್ಪಿಗೆ ಬೇಡ. ಅದು ಧೂಳು ಹಿಡಿದ ಲೋಹದ ಮೇಲಿಂದ ಇಳಿದು ಬರುವ ನೀರು.

ಸುತ್ತಲೂ ಅಂಚು ಕಂದಾಗಿದ್ದರೆ ಕುಂಡದ ಬಾಯಿ ನೋಡಿ. ಬಿಳಿ ಪುಡಿ ಕಟ್ಟಿದೆಯಾ? ಹಾಗಿದ್ದರೆ ನೀರಿನ ಉಪ್ಪು. ಮುಂಬೈ ಪಾಲಿಕೆಯ ನೀರು ಭಾತ್ಸಾ, ತಾನ್ಸಾ, ವೈತರ್ಣಾ ಕಡೆಯ ಕೆರೆಗಳಿಂದ ಬರುವುದು, ಗಿಡಕ್ಕೆ ಬಹಳ ಒಳ್ಳೆಯ ಮೆದು ನೀರು. ಹಾಗಾಗಿ ನಮ್ಮಲ್ಲಿ ಹತ್ತು ತಿಂಗಳು ಈ ತೊಂದರೆ ಇರುವುದಿಲ್ಲ. ಏಪ್ರಿಲ್ ಮೇ ಬಂತು, ನೀರು ಕಡಿತ ಶುರುವಾಯಿತು, ಸೊಸೈಟಿಯವರು ಟ್ಯಾಂಕರ್ ತರಿಸಿದರು ಅಥವಾ ಬೋರ್‌ವೆಲ್ ನೀರು ಬೆರೆಸಿದರು, ಮೂರು ವಾರಕ್ಕೆ ಒಂದೆಲಗದ ಅಂಚು ಹೇಳಿಬಿಡುತ್ತದೆ. ಕೆಳಗಿನ ಮನೆಯ ಶಾಂತಕ್ಕ ನನ್ನನ್ನು ಕರೆದು "ಬಿಸಿಲಿಗೆ ಸುಟ್ಟಿತು ಕಾಣುತ್ತದೆ, ನೆರಳಿಗೆ ಇಟ್ಟರೂ ನಿಲ್ಲುವುದಿಲ್ಲ ಮಾರಾಯ್ರೆ" ಅಂದಾಗ ನಾನು ಎಲೆ ನೋಡುವ ಮೊದಲು ಅವರ ಬಚ್ಚಲಿನ ಬಕೆಟ್ ನೋಡಿದೆ. ಬಕೆಟಿನ ಒಳಗೆಲ್ಲ ಬಿಳಿ ಗೆರೆ. ಅದೇ ನೀರು ಗಿಡಕ್ಕೂ ಹೋಗುತ್ತಿತ್ತು.

ಇದಕ್ಕೆ ಮದ್ದು ಆ ನೀರು ಹಾಕುವುದನ್ನು ತಪ್ಪಿಸುವುದು ಮತ್ತು ಮಣ್ಣು ತೊಳೆಯುವುದು. ಕುಡಿಯುವ ನೀರಿನ ನಲ್ಲಿಯಿಂದ ಹಿಡಿದು, ಅಥವಾ ಅಕ್ಕಿ ತೊಳೆದ ಮೊದಲ ನೀರು ಬಳಸಿ, ಅದಕ್ಕೆ ಉಪ್ಪು ಹಾಕಿರಬಾರದು ಅಷ್ಟೇ. ಕುಂಡದಲ್ಲಿ ಎಷ್ಟು ಮಣ್ಣಿದೆಯೋ ಅದರ ಎರಡು ಪಟ್ಟು ಒಳ್ಳೆಯ ನೀರನ್ನು ನಿಧಾನವಾಗಿ ಸುರಿದು, ಕೆಳಗಿಂದ ಪೂರ್ತಿ ಹರಿದುಹೋಗಲು ಬಿಡಿ. ನೀರಿಲ್ಲದ ಮೇ ತಿಂಗಳಲ್ಲಿ ಇಷ್ಟು ನೀರು ಹಾಕು ಅನ್ನುವುದು ಕಷ್ಟ, ನನಗೆ ಗೊತ್ತು. ಆಗದಿದ್ದರೆ ಜೂನ್ ಮೊದಲ ಎರಡು ಮಳೆಗೆ ಕುಂಡವನ್ನು ಗ್ರಿಲ್ ಹೊರಗಿಡಿ, ಮಳೆಯೇ ತೊಳೆಯುತ್ತದೆ. ಅಲ್ಲಿಯವರೆಗೆ ಗೊಬ್ಬರ ಬೇಡ. ಗೊಬ್ಬರವೂ ಉಪ್ಪೇ.

ಪಡುಗಡೆ ಗ್ಯಾಲರಿಯಲ್ಲಿ ಸಂಜೆ ಬಿಸಿಲು ನೇರ ಬಿದ್ದರೂ ಎಲೆ ಸುಡುತ್ತದೆ. ಆಗ ಎಲೆ ಚಿಕ್ಕದಾಗಿ ದಪ್ಪಗಾಗುತ್ತದೆ, ತೊಟ್ಟು ಗಿಡ್ಡವಾಗಿ ಕೆಂಪಾಗುತ್ತದೆ, ತಿಂದರೆ ಕಹಿ ಜಾಸ್ತಿ. ಬೆಳಗಿನ ಹೊತ್ತು ಮೂರು ನಾಲ್ಕು ತಾಸು ಬಿಸಿಲು ಇದಕ್ಕೆ ಸರಿ. ಪಡುವಣ ಬಿಸಿಲಿಗೆ ಹಸಿರು ಜಾಳಿಗೆಯ ಬಟ್ಟೆ ಕಟ್ಟಿ. ಇದಕ್ಕೆ ಉಲ್ಟಾ, ತೊಟ್ಟು ಒಂದು ಗೇಣು ಉದ್ದ, ಎಲೆ ತೆಳ್ಳಗೆ ಬಿಳಿಚಿಕೊಂಡು ಎಲ್ಲವೂ ಒಂದೇ ಕಡೆ ವಾಲಿದ್ದರೆ ಬೆಳಕು ಸಾಲದು. ಬೇರೇನೂ ಹುಡುಕಬೇಡಿ, ಜಾಗ ಬದಲಿಸಿ.

ಮಧ್ಯಾಹ್ನ ಬಾಡಿ ಸಂಜೆ ಏಳುತ್ತದೆ

ಮಣ್ಣು ಒಣಗಿದ್ದರೆ ನೀರು ಹಾಕಿ, ಮುಗಿಯಿತು. ಒಂದೆಲಗ ಬಾಯಾರಿಕೆ ತಡೆಯುವ ಗಿಡ ಅಲ್ಲ, ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ ಕೇಳಿದರೂ ಆಶ್ಚರ್ಯ ಇಲ್ಲ.

ನೀರು ಹಾಕಿದ ತಕ್ಷಣ ಕೆಳಗಿಂದ ಸೋರಿ ಹೋಗುತ್ತಿದ್ದು, ಆದರೂ ಬಾಡುತ್ತಿದ್ದರೆ ಒಳಗಿನ ಮಣ್ಣು ನೀರು ಹೀರುತ್ತಿಲ್ಲ. ನರ್ಸರಿಯ ಕಪ್ಪು ಚೀಲದಿಂದ ಕೆಂಪು ಮಣ್ಣಿನ ಮುದ್ದೆಯ ಸಮೇತ ಹಾಗೇ ಕುಂಡಕ್ಕೆ ಇಳಿಸಿದಾಗ ಹೀಗಾಗುತ್ತದೆ. ನೀರು ಮುದ್ದೆಯ ಪಕ್ಕದ ಸಂದಿನಲ್ಲಿ ಇಳಿದುಹೋಗುತ್ತದೆ. ಕುಂಡವನ್ನು ಬಕೆಟ್ ನೀರಿನಲ್ಲಿ ಬಾಯಿಯವರೆಗೆ ಮುಳುಗಿಸಿ. ಗುಳ್ಳೆ ಏಳುವುದು ನಿಲ್ಲುವವರೆಗೆ ಬಿಡಿ, 15 ನಿಮಿಷ ಬೇಕಾಗಬಹುದು. ಮುಂದಿನ ಸಲ ನೆಡುವಾಗ ಆ ಮುದ್ದೆಯನ್ನು ನೀರಿನಲ್ಲಿ ನೆನೆಸಿ ಮೆಲ್ಲಗೆ ಬಿಡಿಸಿ, ಬೇರು ಹೊಸ ಮಣ್ಣಿಗೆ ತಾಗುವ ಹಾಗೆ ಹರಡಿ ನೆಡಿ.

ಮಣ್ಣು ಒದ್ದೆಯಾಗಿಯೇ ಇದೆ, ಬುಡ ಗಟ್ಟಿಯಾಗಿಯೇ ಇದೆ, ಆದರೂ ಬಾಡುತ್ತದೆ, ಬೆಳವಣಿಗೆ ನಿಂತಿದೆ. ಒಂದು ಮರಿ ಗಿಡ ಕಿತ್ತು ಬೇರು ತೊಳೆದು ನೋಡಿ. ಸಾಸಿವೆ ಕಾಳಿನಂಥ ಗಂಟುಗಳು ಬೇರಿನಲ್ಲೇ ಉಬ್ಬಿಕೊಂಡಿದ್ದರೆ ಅದು ಬೇರುಗಂಟು ಹುಳು. ಕಣ್ಣಿಗೆ ಕಾಣದಷ್ಟು ಚಿಕ್ಕ ಹುಳು, ಬೇರಿನೊಳಗೆ ಇರುತ್ತದೆ. ಟೊಮೆಟೊ, ಬೆಂಡೆ ಬೆಳೆದ ಹಳೇ ಮಣ್ಣನ್ನು ಮತ್ತೆ ಬಳಸಿದರೆ ಬರುವುದು ಜಾಸ್ತಿ. ಈ ಮಣ್ಣನ್ನು ಉಳಿಸಲು ಹೋಗಬೇಡಿ, ಬೇರೆ ಕುಂಡಕ್ಕೂ ಹಾಕಬೇಡಿ. ಬೇರು ಬಿಡದ ತುದಿ ಬಳ್ಳಿಗಳನ್ನು ಮಾತ್ರ ಕತ್ತರಿಸಿ ತೊಳೆದು ಹೊಸ ಮಣ್ಣಿಗೆ ಕೊಡಿ. ಹೊಸ ಮಣ್ಣಿಗೆ ಒಂದು ಹಿಡಿ ಬೇವಿನ ಹಿಂಡಿ ಬೆರೆಸುವುದು ಒಳ್ಳೆಯ ಅಭ್ಯಾಸ.

ಮಳೆಗಾಲದಲ್ಲಿ ಕೊಳೆಯುತ್ತದೆ

ಮುಂಬೈ ಮಳೆ ಜಾಸ್ತಿ, ಅದಕ್ಕೇ ಕೊಳೆಯಿತು ಅನ್ನುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಇಲ್ಲಿ ನಾಲ್ಕು ತಿಂಗಳಲ್ಲಿ 2000 ಮಿಲಿಮೀಟರ್ ದಾಟುವ ಮಳೆ ಬೀಳುತ್ತದೆ ನಿಜ. ಉಡುಪಿ ಕಡೆ ಇದಕ್ಕಿಂತ ಎಷ್ಟೋ ಜಾಸ್ತಿ. ಅಲ್ಲಿ ಹುಣಿಯ ಒಂದೆಲಗ ಆಟಿ ತಿಂಗಳ ಮಳೆಯಲ್ಲೂ ಎದ್ದು ನಿಂತಿರುತ್ತದೆ. ಅಲ್ಲಿ ನೀರು ಬಂದು ಹೋಗುತ್ತದೆ, ಇಲ್ಲಿ ಬಂದು ನಿಲ್ಲುತ್ತದೆ. ವ್ಯತ್ಯಾಸ ಅಷ್ಟೇ. ಜೂನ್ ಮೊದಲ ವಾರದಲ್ಲಿ ಎಲ್ಲಾ ಕುಂಡದ ತಟ್ಟೆ ತೆಗೆದಿಡಿ, ತೂತು ಬಿಡಿಸಿ, ಕುಂಡದ ಅಡಿಗೆ ಎರಡು ಟೈಲ್ಸ್ ಚೂರು ಕೊಟ್ಟು ಎತ್ತರಿಸಿ. ತಟ್ಟೆಯ ನೀರು ಸೊಳ್ಳೆಗೂ ಮನೆ, ಪಾಲಿಕೆಯವರು ನೋಡಿದರೆ ದಂಡವೂ ಬೀಳಬಹುದು.

ಎಲೆ ಒತ್ತೊತ್ತಾಗಿ ಬೆಳೆದು ಗಾಳಿ ಆಡದಿದ್ದರೆ ಕಂದು ಚುಕ್ಕೆ ಬೀಳುತ್ತದೆ, ಸುತ್ತ ಹಳದಿ ಉಂಗುರ ಇರುತ್ತದೆ. ಇದು ಶಿಲೀಂಧ್ರ. ಚುಕ್ಕೆ ಇರುವ ಎಲೆಯನ್ನು ತೊಟ್ಟಿನ ಸಮೇತ ಕಿತ್ತು ಕಸಕ್ಕೆ ಹಾಕಿ, ಕುಂಡಕ್ಕೇ ಬಿಡಬೇಡಿ. ಮೂರರಲ್ಲಿ ಒಂದು ಪಾಲು ಎಲೆ ಕೊಯ್ದು ತೆಳುವಾಗಿಸಿ. ನೀರು ಹಾಕುವುದಿದ್ದರೆ ಬೆಳಿಗ್ಗೆ, ಮಣ್ಣಿಗೆ. ತಿನ್ನುವ ಸೊಪ್ಪಿಗೆ ಶಿಲೀಂಧ್ರದ ಔಷಧಿ ಹೊಡೆಯುವುದನ್ನು ನಾನು ಯಾವತ್ತೂ ಮಾಡಿಲ್ಲ, ಮಾಡುವ ಅಗತ್ಯವೂ ಬಿದ್ದಿಲ್ಲ.

ಎಲೆಯಲ್ಲಿ ಅಂಕುಡೊಂಕು ತೂತು, ಬೆಳಿಗ್ಗೆ ಹೊತ್ತು ಮಣ್ಣಿನ ಮೇಲೆ ಬೆಳ್ಳಿ ಗೆರೆ. ಬಸವನಹುಳು, ಅಥವಾ ಚಿಪ್ಪಿಲ್ಲದ ಅದರ ಸೋದರ. ನೆಲಮಹಡಿ ಮತ್ತು ಮೊದಲ ಮಹಡಿಯವರಿಗೆ ಇದು ದೊಡ್ಡ ಕಾಟ, ಜುಲೈನಲ್ಲಿ ಮುಷ್ಟಿಯಷ್ಟು ದೊಡ್ಡ ಆಫ್ರಿಕನ್ ಬಸವನಹುಳು ಗೋಡೆ ಹತ್ತಿ ಬರುತ್ತದೆ. ರಾತ್ರಿ ಒಂಬತ್ತರ ಮೇಲೆ ಟಾರ್ಚ್ ಹಿಡಿದು ಹುಡುಕಿ, ಹಗಲು ಕುಂಡದ ಅಡಿ ನೋಡಿ. ಇಲ್ಲಿ ಒಂದು ವಿಷಯ ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಈ ಹುಳುವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಇದರಲ್ಲಿ ಮನುಷ್ಯರ ಮೆದುಳಿನವರೆಗೂ ಹೋಗಬಲ್ಲ ಪರೋಪಜೀವಿ ಹುಳು ಇರಬಹುದು. ಕೈಗೆ ಪ್ಲಾಸ್ಟಿಕ್ ಚೀಲ ಹಾಕಿ ಹಿಡಿದು ಉಪ್ಪುನೀರಿನ ಡಬ್ಬಿಗೆ ಹಾಕಿ. ಉಪ್ಪನ್ನು ಕುಂಡಕ್ಕೆ ಉದುರಿಸಬೇಡಿ, ಗಿಡ ಹೋಗುತ್ತದೆ. ಬಸವನಹುಳು ಕಂಡ ಕುಂಡದ ಸೊಪ್ಪನ್ನು ಹಸಿಯಾಗಿ ರುಬ್ಬಿ ತಂಬುಳಿ ಮಾಡಬೇಡಿ. ಒಂದೊಂದೇ ಎಲೆ ಬಿಡಿಸಿ ನಲ್ಲಿ ಕೆಳಗೆ ಎರಡೂ ಬದಿ ತೊಳೆದು, ಚೆನ್ನಾಗಿ ಬೇಯಿಸಿ ಬಳಸಿ. ಮಕ್ಕಳಿಗೆ ಬೆಳಿಗ್ಗೆ ಹಸಿ ಎಲೆ ಜಗಿಯಲು ಕೊಡುವ ರೂಢಿ ಇರುವವರು ಮಳೆಗಾಲದಲ್ಲಿ ಅದನ್ನು ನಿಲ್ಲಿಸಿ.

ಬೇಸಿಗೆಯ ನುಸಿ, ವರ್ಷವಿಡೀ ಪಾರಿವಾಳ

ಮಾರ್ಚಿನಿಂದ ಎಲೆ ಮೇಲೆ ಸೂಜಿ ಚುಚ್ಚಿದ ಹಾಗೆ ಬಿಳಿ ಚುಕ್ಕೆ ಬಂದು, ಎಲೆ ಮಂಕಾಗಿ ಒರಟಾದರೆ ಕೆಂಪು ನುಸಿ. ಎಲೆಯನ್ನು ಬಿಳಿ ಹಾಳೆಯ ಮೇಲೆ ಹಿಡಿದು ತಟ್ಟಿ. ಬಿದ್ದ ಚುಕ್ಕೆ ಅರ್ಧ ನಿಮಿಷದಲ್ಲಿ ನಡೆಯಲು ಶುರು ಮಾಡಿದರೆ ನುಸಿ, ಸುಮ್ನೆ ಬಿದ್ದಿದ್ದರೆ ಧೂಳು. ಇದಕ್ಕೆ ನೀರೇ ಔಷಧಿ. ಎಲೆಯ ಅಡಿಗೆ ಜೋರಾಗಿ ನೀರು ಚಿಮುಕಿಸಿ ತೊಳೆಯಿರಿ, ಮೂರು ದಿನಕ್ಕೊಮ್ಮೆ, ನಾಲ್ಕು ಸಲ. ಒಂದು ಸಲ ತೊಳೆದು ಬಿಟ್ಟರೆ ಮೊಟ್ಟೆಯಿಂದ ಮತ್ತೆ ಬರುತ್ತದೆ. ಬುಡದಲ್ಲಿ ಹತ್ತಿಯಂಥದ್ದು ಅಂಟಿಕೊಂಡಿದ್ದು ಇರುವೆ ಓಡಾಡುತ್ತಿದ್ದರೆ ಹಿಟ್ಟು ತಿಗಣೆ. ಅದಕ್ಕೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ. ಆಮೇಲೆ ಒಂದು ವಾರ ಕೊಯ್ಯಬೇಡಿ.

ಬೆಳಿಗ್ಗೆ ಎದ್ದು ನೋಡಿದರೆ ಬಳ್ಳಿ ಕಿತ್ತು ಬಿದ್ದಿದೆ, ಮಣ್ಣು ಕೆದರಿದೆ, ಎಲೆಯಲ್ಲಿ ಕಡಿದ ಗುರುತೇ ಇಲ್ಲ ಅಂದರೆ ಪಾರಿವಾಳ. ಅಗಲ ಘಮೇಲಾ ಅವಕ್ಕೆ ಒಳ್ಳೆಯ ಕೂರುವ ಜಾಗ. ಅವುಗಳ ಹಿಕ್ಕೆ ಬಿದ್ದ ಸೊಪ್ಪು ತಿನ್ನುವುದಲ್ಲ. ಗ್ರಿಲ್‌ಗೆ ಬಲೆ ಹಾಕಿಸಿ, ಅಥವಾ ಘಮೇಲಾದ ಮೇಲೆ ಒಂದು ಚಿಕ್ಕ ತಂತಿ ಜಾಳಿಗೆ ಬೋರಲು ಹಾಕಿ, ಎಲೆ ಅದರ ಸಂದಿನಿಂದಲೇ ಮೇಲೆ ಬರುತ್ತದೆ.

ಪುಣೆಯವರಿಗೆ ಒಂದು ಮಾತು. ಡಿಸೆಂಬರ್ ಜನವರಿಯಲ್ಲಿ ಅಲ್ಲಿ ರಾತ್ರಿ 10 ಡಿಗ್ರಿ ಹತ್ತಿರ ಇಳಿದಾಗ ಒಂದೆಲಗ ಬೆಳೆಯುವುದೇ ನಿಲ್ಲಿಸುತ್ತದೆ, ಎಲೆ ಸ್ವಲ್ಪ ಕೆಂಪಾಗುತ್ತದೆ. ಅದು ರೋಗ ಅಲ್ಲ. ನೀರು ಕಮ್ಮಿ ಮಾಡಿ, ಫೆಬ್ರವರಿ ಕೊನೆಯವರೆಗೆ ಕಾಯಿರಿ.

ಕುಂಡ ಉಳಿಯುವುದಿಲ್ಲ ಅಂತ ಖಾತ್ರಿಯಾದರೆ

ಬುಡ ಪೂರ್ತಿ ಕಪ್ಪಾಗಿ ಕೈಗೆ ಲೊಳಕ್ ಅಂತ ಬಂದರೆ ಅದನ್ನು ಬಿಟ್ಟುಬಿಡಿ. ಬಳ್ಳಿಗಳ ತುದಿ ನೋಡಿ. ಎಲ್ಲಾದರೂ ಒಂದು ಗಿಣ್ಣು ಹಸಿರಾಗಿ ಗಟ್ಟಿ ಇದ್ದರೆ ಸಾಕು. ಗಿಣ್ಣಿನ ಎರಡೂ ಕಡೆ ಒಂದೊಂದು ಇಂಚು ಬಿಟ್ಟು ಕತ್ತರಿಸಿ, ದೊಡ್ಡ ಎಲೆಗಳನ್ನು ತೆಗೆದು ಒಂದೇ ಒಂದು ಚಿಗುರೆಲೆ ಉಳಿಸಿ. ತೊಳೆದ ಮೊಸರಿನ ಡಬ್ಬಿಗೆ ತೂತು ಮಾಡಿ, ಒದ್ದೆ ಕೋಕೋಪೀಟ್ ಮತ್ತು ಮರಳು ತುಂಬಿ, ಗಿಣ್ಣನ್ನು ಮೇಲೆ ಮಲಗಿಸಿ ಸ್ವಲ್ಪ ಒತ್ತಿ. ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಸಡಿಲವಾಗಿ ಮುಚ್ಚಿ, ನೇರ ಬಿಸಿಲು ಬೀಳದ ಆದರೆ ಬೆಳಕಿರುವ ಕಿಟಕಿಯಲ್ಲಿಡಿ. ದಿನಕ್ಕೊಮ್ಮೆ ಐದು ನಿಮಿಷ ಚೀಲ ತೆಗೆಯಿರಿ. ಎರಡು ವಾರದ ಹೊತ್ತಿಗೆ ಎರಡನೇ ಎಲೆ ಮಡಿಕೆ ಬಿಚ್ಚುತ್ತದೆ, ಆಗ ಬೇರು ಹಿಡಿದಿದೆ ಅಂತ. ಮೂರನೇ ಎಲೆ ಬಂದ ಮೇಲೆ ಘಮೇಲಾಕ್ಕೆ ಇಳಿಸಿ, ನಡುವಿನಲ್ಲಿ ಅಲ್ಲ, ಒಂದು ಅಂಚಿನಲ್ಲಿ ನೆಡಿ. ಎದುರಿನ ಅಂಚಿನವರೆಗೆ ಹೋಗಲು ಅದಕ್ಕೆ ದಾರಿ ಇರಲಿ.